ಸೂಪರ್‌ಹೀರೊಗಳು ಪುರಾಣಪುರುಷರೇ? ಕಲಬುರಗಿ ಸೀಮೆಯಲ್ಲಿ ನಿಂತು ಒಂದು ವಿಚಾರ

ಕಲಬುರಗಿ ಜಿಲ್ಲೆಯ ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ, ಭೀಮಾ ನದಿಯ ದಡದ ಮೇಲೆ, ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಫಲಕಗಳು ಸಿಕ್ಕಿವೆ. ಅವುಗಳಲ್ಲೊಂದರಲ್ಲಿ ಒಬ್ಬ ರಾಜ ನಿಂತಿದ್ದಾನೆ. ಪಕ್ಕದಲ್ಲಿ ರಾಣಿ, ಸುತ್ತ ಛತ್ರ ಚಾಮರ ಹಿಡಿದ ಸೇವಕಿಯರು. ಫಲಕದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯಾ ಅಸೋಕೋ’ ಎಂಬ ಹೆಸರಿದೆ. ಉಳಿದ ಫಲಕಗಳಲ್ಲಿ ಬುದ್ಧನ ಬದುಕಿನ ಪ್ರಸಂಗಗಳು, ಜಾತಕ ಕಥೆಗಳು. ಹಲವಕ್ಕೆ ಇದೇ ರೀತಿಯ ಪುಟ್ಟ ಶೀರ್ಷಿಕೆಗಳು. ಸ್ತೂಪಕ್ಕೆ ಪ್ರದಕ್ಷಿಣೆ ಬರುವವರು ಒಂದಾದ ಮೇಲೊಂದು ಚಿತ್ರ ನೋಡುತ್ತ, ಗೊತ್ತಿರುವ ಕಥೆಯನ್ನು ಮತ್ತೆ ನೆನೆಯುತ್ತ ಮುಂದೆ ಸಾಗುತ್ತಿದ್ದರು.

ಸಾಲಾಗಿ ಜೋಡಿಸಿದ ಚಿತ್ರ, ಚಿತ್ರಕ್ಕೊಂದು ಹೆಸರು, ಹೆಸರಿನ ಹಿಂದೆ ಎಲ್ಲರೂ ಬಲ್ಲ ಕಥೆ. ಇಂದಿನ ಕಾಮಿಕ್ಸ್ ಪುಸ್ತಕದ ಸಾಮಗ್ರಿಯೂ ಇದೇ. ಇಷ್ಟರಿಂದ ಕಾಮಿಕ್ಸ್ ನಮ್ಮಲ್ಲೇ ಹುಟ್ಟಿತು ಎಂದು ಹೇಳಲು ನಾನು ಹೊರಟಿಲ್ಲ. ಅಂಥ ಹೆಮ್ಮೆಯಿಂದ ಯಾರಿಗೂ ಉಪಯೋಗವಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ. ಆ ಫಲಕ ಕೆತ್ತುವ ಹೊತ್ತಿಗೆ ಅಶೋಕ ತೀರಿಹೋಗಿ ತಲೆಮಾರುಗಳೇ ಕಳೆದಿದ್ದವು. ಅವನು ಮಗಧದ ದೊರೆಯಾಗಿದ್ದವನು, ಈಗ ಬುದ್ಧನ ಕಥೆಯ ಬಳಗದೊಳಗೆ ಒಬ್ಬನಾಗಿ ಸೇರಿಹೋಗಿದ್ದ. ಮನುಷ್ಯರು ಹೀಗೆ ಕಥೆಯೊಳಗೆ ಸೇರಿಹೋಗುವ ಬಗೆಯನ್ನು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಊರೂರಿಗೂ ಕಾಣಬಹುದು. ‘ಸೂಪರ್‌ಹೀರೊಗಳು ನಮ್ಮ ಕಾಲದ ಪುರಾಣ’ ಎಂಬ, ಈಚೆಗೆ ಎಲ್ಲೆಲ್ಲೂ ಕೇಳಿಬರುವ ಮಾತನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ನೆಲ ಬೇಕಿಲ್ಲ.

ಆ ಮಾತು ಅರ್ಧ ನಿಜ ಎಂಬುದು ನನ್ನ ನಿಲುವು. ಹುಟ್ಟುವ ರೀತಿಯಲ್ಲಿ, ಬೆಳೆಯುವ ರೀತಿಯಲ್ಲಿ ಸೂಪರ್‌ಹೀರೊ ಪುರಾಣಪುರುಷನೇ ಸರಿ. ಆದರೆ ಕಥೆ ಯಾರಿಗೆ ಸೇರಿದ್ದು, ಕೇಳಿದವರಿಂದ ಅದು ಏನನ್ನು ಬೇಡುತ್ತದೆ ಎಂಬ ಎರಡು ಪ್ರಶ್ನೆಗಳ ಮುಂದೆ ಅವನು ಇನ್ನೂ ಹೊಸ್ತಿಲ ಆಚೆಗೇ ನಿಂತಿದ್ದಾನೆ.

ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು

ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಒಂದೇ ಶಾಲೆಯಲ್ಲಿ ಓದಿದ ಗೆಳೆಯರು. ಇಬ್ಬರೂ ಹುಟ್ಟಿದ್ದು 1914ರಲ್ಲಿ, ವಲಸೆ ಬಂದ ಯಹೂದಿ ಕುಟುಂಬಗಳಲ್ಲಿ. ಒಬ್ಬ ಬರೆಯುತ್ತಿದ್ದ, ಇನ್ನೊಬ್ಬ ಚಿತ್ರ ಬಿಡಿಸುತ್ತಿದ್ದ. ದೇಶ ಆರ್ಥಿಕ ಮಹಾಕುಸಿತದಲ್ಲಿ ನರಳುತ್ತಿದ್ದ ಕಾಲ ಅದು. 1932ರಲ್ಲಿ ಸೀಗಲ್‌ನ ತಂದೆ ತಮ್ಮ ಬಟ್ಟೆ ಅಂಗಡಿಯಲ್ಲಿ ಕಳ್ಳತನ ನಡೆಯುತ್ತಿದ್ದಾಗಲೇ ಕುಸಿದು ಬಿದ್ದು ಸತ್ತರು. ಗುಂಡು ನಾಟದ ಮೈಯ ರಕ್ಷಕನೊಬ್ಬನನ್ನು ಆ ಮಗ ಕಲ್ಪಿಸಿಕೊಂಡದ್ದಕ್ಕೂ ಈ ಸಾವಿಗೂ ನಂಟು ಕಾಣುವವರಿದ್ದಾರೆ. ತಂದೆಯನ್ನು ಹಾಗೆ ಕಳೆದುಕೊಂಡ ಹುಡುಗನ ಮನಸ್ಸನ್ನು ನೆನೆದರೆ ನನಗೂ ಅದು ಸಹಜವೆನಿಸುತ್ತದೆ.

1938ರ ಜೂನ್ ಎಂಬ ದಿನಾಂಕ ಹೊತ್ತು ಬಂದ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಹುಟ್ಟಿದ. ಆ ಮೊದಲ ಕಥೆಯಲ್ಲಿ ಅವನು ಮಾಡುವ ಕೆಲಸಗಳನ್ನು ನೋಡಿ. ಮಾಡದ ಕೊಲೆಗೆ ಮರಣದಂಡನೆಗೆ ಗುರಿಯಾದ ಹೆಂಗಸನ್ನು ಉಳಿಸುತ್ತಾನೆ. ಹೆಂಡತಿಯನ್ನು ಹೊಡೆಯುತ್ತಿದ್ದ ಗಂಡನನ್ನು ಹಿಡಿದು ಗೋಡೆಗೆ ಅಪ್ಪಳಿಸುತ್ತಾನೆ. ಸೆನೆಟ್ ಸದಸ್ಯನನ್ನು ಬುಟ್ಟಿಗೆ ಹಾಕಿಕೊಂಡಿದ್ದ ದಲ್ಲಾಳಿಯೊಬ್ಬನನ್ನು ಹೊತ್ತೊಯ್ದು ನಡುಗಿಸುತ್ತಾನೆ. ಅನ್ಯಗ್ರಹದ ರಾಕ್ಷಸರಾಗಲಿ, ಲೋಕವನ್ನು ಸುಡುವ ಯಂತ್ರಗಳಾಗಲಿ ಆ ಸಂಚಿಕೆಯಲ್ಲಿಲ್ಲ. ಬಡ ಬಡಾವಣೆಯ ಯುವಕರಿಬ್ಬರು ಕಣ್ಣಾರೆ ಕಂಡ ಅನ್ಯಾಯಗಳು ಮಾತ್ರ ಇವೆ. ನ್ಯಾಯಾಲಯ ತಪ್ಪಿದಾಗ, ಪೊಲೀಸರು ಬಾರದಾಗ, ಪ್ರತಿನಿಧಿ ಮಾರಿಕೊಂಡಾಗ ಯಾರು ಬರುತ್ತಾರೆ? ಪುರಾಣ ಯಾವಾಗಲೂ ಇಂಥ ಪ್ರಶ್ನೆಯ ಹೊಟ್ಟೆಯಲ್ಲೇ ಹುಟ್ಟುತ್ತದೆ.

ಕಾಲದ ಭಯ ಬದಲಾದಂತೆ ನಾಯಕರೂ ಬದಲಾದರು. ಜೋ ಸೈಮನ್ ಮತ್ತು ಜಾಕ್ ಕರ್ಬಿ ಸೃಷ್ಟಿಸಿದ ಕ್ಯಾಪ್ಟನ್ ಅಮೆರಿಕ ತನ್ನ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದುತ್ತಾನೆ. ಆ ಸಂಚಿಕೆ ಅಂಗಡಿಗೆ ಬಂದದ್ದು 1940ರ ಡಿಸೆಂಬರಿನಲ್ಲಿ. ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದು ವರ್ಷವಿತ್ತು. ಸರ್ಕಾರಕ್ಕಿಂತ ಮೊದಲು ಕಾಮಿಕ್ಸ್ ಯುದ್ಧ ಸಾರಿತ್ತು. ಮುಂದೆ ಅಣುಬಾಂಬಿನ ಭಯ ಮನೆಮನೆಗೆ ಹೊಕ್ಕ 1962ರಲ್ಲಿ ಇಬ್ಬರು ಹುಟ್ಟಿದರು: ಗಾಮಾ ಬಾಂಬಿನ ಸ್ಫೋಟಕ್ಕೆ ಸಿಕ್ಕಿ ಹಲ್ಕ್ ಆದ ವಿಜ್ಞಾನಿ, ವಿಕಿರಣ ತಾಗಿದ ಜೇಡ ಕಚ್ಚಿ ಸ್ಪೈಡರ್‌ಮ್ಯಾನ್ ಆದ ಶಾಲಾಬಾಲಕ. ಅದೇ ವರ್ಷದ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ಕಾರಣಕ್ಕೆ ಇಡೀ ಜಗತ್ತು ಉಸಿರು ಬಿಗಿಹಿಡಿದಿತ್ತು. ದೇವತೆಗಳ ಶಾಪ, ವರ ಎಂದು ಹಿಂದಿನವರು ಹೇಳುತ್ತಿದ್ದ ಜಾಗದಲ್ಲಿ ಈಗ ವಿಕಿರಣ ಬಂದು ಕೂತಿತು.

ಇನ್ನೊಂದು ಸಂಗತಿ. ಇವತ್ತು ನಮಗೆ ಗೊತ್ತಿರುವ ಸೂಪರ್‌ಮ್ಯಾನ್ ಒಂದೇ ಏಟಿಗೆ ಹುಟ್ಟಿದವನಲ್ಲ. 1938ರಲ್ಲಿ ಅವನಿಗೆ ಹಾರಲು ಬರುತ್ತಿರಲಿಲ್ಲ. ಒಂದು ಮೈಲಿಯ ಎಂಟನೇ ಒಂದು ಭಾಗದಷ್ಟು ದೂರ ನೆಗೆಯುತ್ತಿದ್ದ, ಅಷ್ಟೇ. ಮೊದಲ ಕಥೆಯಲ್ಲಿ ಮಗುವನ್ನು ಅನಾಥಾಲಯಕ್ಕೆ ಸೇರಿಸುತ್ತಾರೆ. ಸಾಕಿದ ಕೆಂಟ್ ದಂಪತಿ ಆಮೇಲೆ ಬಂದರು. ಅವನ ಬಲವನ್ನು ಕುಗ್ಗಿಸುವ ಕ್ರಿಪ್ಟೊನೈಟ್ ಎಂಬ ಕಲ್ಲು ಕಾಮಿಕ್ಸಿಗಿಂತ ಮೊದಲು 1943ರ ರೇಡಿಯೊ ಧಾರಾವಾಹಿಯಲ್ಲಿ ಬಂತು. ಹಳದಿ ಸೂರ್ಯನ ಬೆಳಕೇ ಅವನ ಶಕ್ತಿಯ ಮೂಲ ಎಂಬ ವಿವರಣೆ ಇನ್ನೂ ತಡವಾಗಿ ಸೇರಿತು. ಹೇಳುವವರು ಹೆಚ್ಚಿದಂತೆ ಕಥೆಗೆ ಕವಲೊಡೆದು, ಕೊನೆಗೆ ಯಾವುದು ಮೂಲ, ಯಾವುದು ಸೇರಿಸಿದ್ದು ಎಂಬುದೇ ಮರೆತುಹೋಗುವ ಈ ಬೆಳವಣಿಗೆ ಹರಿಹರನ ರಗಳೆಯಿಂದ ಊರಜ್ಜಿಯ ಬಾಯಿಯವರೆಗೆ ಬಸವಣ್ಣನ ಕಥೆ ಬೆಳೆದು ಬಂದ ದಾರಿಯನ್ನು ಬಲ್ಲವರಿಗೆ ಹೊಸದೇನಲ್ಲ.

ಅಚ್ಚಿಗೆ ಸಿಗುವುದು, ಸಿಗದಿರುವುದು

ನೀರಿನಲ್ಲಿ ತೇಲಿಬಿಟ್ಟ ಮೋಸೆಸ್, ಪೆಟ್ಟಿಗೆಯಲ್ಲಿ ಹರಿದುಬಂದ ಕರ್ಣ, ಸಾಯುತ್ತಿರುವ ಗ್ರಹದಿಂದ ನೌಕೆಯಲ್ಲಿ ಬಂದ ಸೂಪರ್‌ಮ್ಯಾನ್. ಈ ಹೋಲಿಕೆ ಯಾರ ಕಣ್ಣಿಗೂ ಬೀಳುವಂಥದ್ದು. ನಾಯಕನ ಹುಟ್ಟಿನ ಕಥೆಗಳಲ್ಲಿರುವ ಸಾಮ್ಯವನ್ನು ಆಟೊ ರ‍್ಯಾಂಕ್ 1909ರಲ್ಲೇ ಚರ್ಚಿಸಿದ್ದ. ಲಾರ್ಡ್ ರ‍್ಯಾಗ್ಲನ್ 1936ರಲ್ಲಿ ಇಪ್ಪತ್ತೆರಡು ಲಕ್ಷಣಗಳ ಪಟ್ಟಿಯನ್ನೇ ಮಾಡಿದ. ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಎಲ್ಲ ನಾಯಕರ ಹಿಂದೆಯೂ ಒಂದೇ ಪಯಣವಿದೆ ಎಂದ: ಕರೆ ಬರುತ್ತದೆ, ಮನೆ ಬಿಡುತ್ತಾನೆ, ಪರೀಕ್ಷೆಗಳನ್ನು ಗೆಲ್ಲುತ್ತಾನೆ, ವರ ಹೊತ್ತು ಮರಳುತ್ತಾನೆ. ಚಿತ್ರಕಥೆ ಬರೆಯುವವರಿಗೆ ಈ ಅಚ್ಚು ಬಹಳ ಒದಗಿತು.

ಇತಿಹಾಸ ಕೂಡ ಈ ಅಚ್ಚಿಗೆ ತಾನಾಗಿ ಹೊಂದಿಕೊಳ್ಳುವುದನ್ನು ನೋಡಬೇಕೆಂದರೆ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋಗಬೇಕು. ರಾಜಾ ವೆಂಕಟಪ್ಪ ನಾಯಕ ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ. ಸಂಸ್ಥಾನದ ಉಸ್ತುವಾರಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತ ಬೆಳೆದ. ರಾಜ ಇಪ್ಪತ್ನಾಲ್ಕು ದಾಟುವುದಿಲ್ಲ ಎಂದು ಜೋಯಿಸರು ಭವಿಷ್ಯ ನುಡಿದಿದ್ದರೆಂದು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು, ಸೋತು, ಸೆರೆಸಿಕ್ಕು, ಸೆರೆಮನೆಗೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ತಾನೇ ಹಾರಿಸಿಕೊಂಡನೆಂದು ದಾಖಲೆ. ಸುರಪುರದಲ್ಲಿ ಅದನ್ನು ಒಪ್ಪದವರು ಬಹಳ. ಅನಾಥ ರಾಜಕುಮಾರ, ಶತ್ರುವಿನ ಕಡೆಯ ಸಾಕುತಂದೆ, ಮುಂಚಿತವಾಗಿ ನುಡಿದ ಸಾವು, ಬಗೆಹರಿಯದ ಕೊನೆ. ಯಾವ ಕಥೆಗಾರನೂ ಇದಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ.

ಆದರೂ ಈ ಅಚ್ಚುಗಳ ಬಗ್ಗೆ ನನಗೆ ಅಷ್ಟು ವಿಶ್ವಾಸವಿಲ್ಲ. ಹೋಲುವುದನ್ನೆಲ್ಲ ಎತ್ತಿ ತೋರಿಸಿ, ಹೋಲದಿರುವುದನ್ನು ಬದಿಗೆ ಸರಿಸಿದರೆ ಯಾರನ್ನು ಬೇಕಾದರೂ ಯಾರ ಜೊತೆಗೂ ನಿಲ್ಲಿಸಬಹುದು. ಕಲಬುರಗಿಯ ಶರಣಬಸವೇಶ್ವರರ ಕಥೆ ಕ್ಯಾಂಪ್‌ಬೆಲ್ಲನ ಯಾವ ಮೆಟ್ಟಿಲಿಗೂ ಸರಿಯಾಗಿ ಕೂರುವುದಿಲ್ಲ. ಅವರು ರಾಕ್ಷಸನನ್ನು ಕೊಲ್ಲಲಿಲ್ಲ. ಜೋಳ ಬೆಳೆದರು, ಬಂದವರಿಗೆ ಉಣಬಡಿಸಿದರು. ಎಲ್ಲ ಪುರಾಣಕ್ಕೂ ಒಂದೇ ಎಲುಬುಗೂಡು ಎನ್ನುವವರು ಇಂಥವರನ್ನು ಎಲ್ಲಿ ಕೂರಿಸುತ್ತಾರೆ?

ಮಳಖೇಡದ ಅರವತ್ತಮೂರು ಮಂದಿ

ಹುಟ್ಟಿನ ಕಥೆಗಿಂತ ಹೆಚ್ಚು ಆಳವಾದ ಹೋಲಿಕೆ ಕಥೆಗಳನ್ನು ಹೆಣೆಯುವ ಕ್ರಮದಲ್ಲಿದೆ. ಅದಕ್ಕೆ ಸಾಕ್ಷಿ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ದಡದ ಈ ಊರಿನಲ್ಲಿ ಈಗ ಕೋಟೆಯ ಗೋಡೆಗಳು, ಒಂದು ನೇಮಿನಾಥ ಬಸದಿ, ಸುತ್ತಮುತ್ತ ಸಿಮೆಂಟ್ ಉದ್ಯಮದ ಧೂಳು. ಹತ್ತನೇ ಶತಮಾನದಲ್ಲಿ ಇದು ರಾಷ್ಟ್ರಕೂಟರ ಮಾನ್ಯಖೇಟ. ಮುಮ್ಮಡಿ ಕೃಷ್ಣನ ಕಾಲದಲ್ಲಿ ಮಂತ್ರಿ ಭರತನ ಆಶ್ರಯ ಪಡೆದ ಪುಷ್ಪದಂತ ಎಂಬ ಕವಿ ಇಲ್ಲಿ ಕೂತು ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣ ಬರೆದ; 965ರಲ್ಲಿ ಮುಗಿಸಿದ. ಅದರ ವಸ್ತು ಅರವತ್ತಮೂರು ಶಲಾಕಾಪುರುಷರು, ಅಂದರೆ ಜೈನ ಪುರಾಣಗಳ ಮಹಾಪುರುಷರು: 24 ತೀರ್ಥಂಕರರು, 12 ಚಕ್ರವರ್ತಿಗಳು, 9 ಬಲದೇವರು, 9 ವಾಸುದೇವರು, 9 ಪ್ರತಿವಾಸುದೇವರು.

ಕೊನೆಯ ಮೂರು ಗುಂಪುಗಳ ಕಡೆ ಗಮನ ಕೊಡಿ. ಬಲದೇವ ಸೌಮ್ಯನಾದ ಅಣ್ಣ, ವಾಸುದೇವ ಪರಾಕ್ರಮಿಯಾದ ತಮ್ಮ, ಪ್ರತಿವಾಸುದೇವ ಅವನಿಗೆ ಸರಿಸಮನಾದ ಎದುರಾಳಿ. ಈ ಮೂವರು ಒಂದೇ ಕಾಲದಲ್ಲಿ ಹುಟ್ಟುತ್ತಾರೆ, ಒಮ್ಮೆಯಲ್ಲ, ಒಂಬತ್ತು ಸಲ. ಒಂದು ಸಲ ರಾಮ, ಲಕ್ಷ್ಮಣ, ರಾವಣ. ಇನ್ನೊಂದು ಸಲ ಬಲರಾಮ, ಕೃಷ್ಣ, ಜರಾಸಂಧ. ಕಾಲಚಕ್ರದ ಮುಂದಿನ ಸುತ್ತಿನಲ್ಲಿ ಪಾತ್ರಧಾರಿಗಳು ಬದಲಾಗುತ್ತಾರೆ, ಸ್ಥಾನಗಳು ಹಾಗೇ ಉಳಿಯುತ್ತವೆ. ಪ್ರತಿವಾಸುದೇವ ಕೊನೆಗೆ ತನ್ನ ಚಕ್ರವನ್ನು ಎಸೆಯುತ್ತಾನೆ; ಅದು ವಾಸುದೇವನನ್ನು ಕೊಲ್ಲದೆ ಅವನ ಕೈ ಸೇರಿ, ಎಸೆದವನ ಕೊರಳನ್ನೇ ಕತ್ತರಿಸುತ್ತದೆ. ಖಳನಾಯಕ ತನ್ನ ಆಯುಧಕ್ಕೆ ತಾನೇ ಬಲಿಯಾಗುವ ಈ ದೃಶ್ಯವನ್ನು ಇವತ್ತಿನ ಎಷ್ಟು ಸೂಪರ್‌ಹೀರೊ ಚಿತ್ರಗಳ ಕೊನೆಯಲ್ಲಿ ನೋಡುತ್ತೇವೆ!

ಎಲ್ಲ ನಾಯಕರೂ ಒಂದೇ ಜಗತ್ತಿನಲ್ಲಿ ಬದುಕಬೇಕೆಂಬ ಹಟ ಅಮೆರಿಕದ ಪ್ರಕಾಶಕರಿಗೂ ಇತ್ತು. ಅದರಿಂದ ಹುಟ್ಟುವ ತೊಡಕೂ ಒಂದೇ: ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಬರೆದ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. 1940ರಲ್ಲಿ ಹುಟ್ಟಿದ ಫ್ಲ್ಯಾಶ್ ಒಬ್ಬ, 1956ರಲ್ಲಿ ಅದೇ ಹೆಸರಿನಲ್ಲಿ ಬಂದವನು ಇನ್ನೊಬ್ಬ. 1961ರಲ್ಲಿ ಇಬ್ಬರನ್ನೂ ಒಂದೇ ಕಥೆಯಲ್ಲಿ ಭೇಟಿ ಮಾಡಿಸಿ, ಅವರು ಎರಡು ಬೇರೆ ಭೂಮಿಗಳಿಗೆ ಸೇರಿದವರು ಎಂದು ಸಮಜಾಯಿಷಿ ಕೊಟ್ಟರು. ಭೂಮಿಗಳು ಹೆಚ್ಚುತ್ತ ಹೋಗಿ ಓದುಗರಿಗೆ ದಿಕ್ಕು ತಪ್ಪಿದಾಗ 1985ರಲ್ಲಿ ಹನ್ನೆರಡು ಸಂಚಿಕೆಗಳ ಒಂದು ಪ್ರಳಯವನ್ನೇ ಬರೆದು ಎಲ್ಲವನ್ನೂ ಒಂದಾಗಿಸಿದರು. ಈಗ ಚಿತ್ರಮಂದಿರಗಳಲ್ಲಿ ಮಕ್ಕಳು ಸಲೀಸಾಗಿ ಆಡುವ ‘ಮಲ್ಟಿವರ್ಸ್’ ಎಂಬ ಮಾತಿನ ಹಿಂದೆ ಈ ಲೆಕ್ಕಪತ್ರದ ಕೆಲಸವಿದೆ.

ಜೈನ ಕವಿಗಳು ಇದೇ ಕೆಲಸವನ್ನು ಎಷ್ಟೋ ಮೊದಲು ಮಾಡಿ ಮುಗಿಸಿದ್ದರು. ಜೈನ ರಾಮಾಯಣಗಳಲ್ಲಿ ಹನುಮಂತ, ಸುಗ್ರೀವರು ಕಪಿಗಳಲ್ಲ, ಧ್ವಜದಲ್ಲಿ ಕಪಿಯ ಚಿಹ್ನೆ ಹೊತ್ತ ವಿದ್ಯಾಧರರು, ಅಂದರೆ ಮಾಂತ್ರಿಕ ವಿದ್ಯೆಗಳನ್ನು ಬಲ್ಲ ಕುಲದವರು. ರಾವಣನಿಗೆ ಹತ್ತು ತಲೆಗಳಿರಲಿಲ್ಲ. ಕೊರಳ ರತ್ನಹಾರದಲ್ಲಿ ಅವನ ಮುಖ ಪ್ರತಿಫಲಿಸುತ್ತಿತ್ತು. ಜೈನ ಕವಿ ಗುಣಭದ್ರನ ಪರಂಪರೆಯಲ್ಲಿ ಸೀತೆ ಮಂಡೋದರಿಯ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಕೇಳುಗರ ನಂಬಿಕೆಗೂ ತಮ್ಮ ತತ್ತ್ವಕ್ಕೂ ಒಗ್ಗುವಂತೆ ಹಳೆಯ ಕಥೆಗೆ ಹೊಸ ಕಾರಣ ಕೊಡುವ ಈ ಕಸುಬು ಸೂಪರ್‌ಮ್ಯಾನನ ಬಲಕ್ಕೆ ಹಳದಿ ಸೂರ್ಯನನ್ನು ತಂದವರ ಕಸುಬಿಗಿಂತ ಬೇರೆಯಲ್ಲ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವ ಹೋಲಿಕೆ ಇನ್ನೊಂದಿದೆ. ಮಹಾಪುರುಷ ಕೊಲ್ಲಬಹುದೇ? ಬ್ಯಾಟ್‌ಮ್ಯಾನ್ 1939ರ ಮೊದಮೊದಲ ಕಥೆಗಳಲ್ಲಿ ಪಿಸ್ತೂಲು ಹಿಡಿದಿದ್ದ, ಅವನ ಕೈಯಲ್ಲಿ ಜನ ಸತ್ತಿದ್ದರು. ಮರುವರ್ಷವೇ ಸಂಪಾದಕರು ತಡೆದರು. ಅಂದಿನಿಂದ ‘ಬ್ಯಾಟ್‌ಮ್ಯಾನ್ ಕೊಲ್ಲುವುದಿಲ್ಲ’ ಎಂಬುದು ಅವನ ವ್ರತವಾಯಿತು. ಸೆರೆಯಾದ ಅವನ ಎದುರಾಳಿ ಜೋಕರ್ ತಪ್ಪಿಸಿಕೊಂಡು ಬರುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ. ಅಹಿಂಸೆಯನ್ನೇ ಪರಮಧರ್ಮವೆಂದ ಜೈನ ಕವಿಗೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗಿತ್ತು. ರಾವಣ ಸಾಯಲೇಬೇಕು, ರಾಮ ಕೊಲ್ಲಬಾರದು. ಹಾಗಾಗಿ ಕವಿ ನಾಯಕನನ್ನು ಇಬ್ಬರನ್ನಾಗಿ ಸೀಳಿದ. ಕೊಲ್ಲುವವನು ಲಕ್ಷ್ಮಣ, ಅದಕ್ಕಾಗಿ ಅವನು ನರಕಕ್ಕೆ ಹೋಗುತ್ತಾನೆ. ಕೊಲ್ಲದ ರಾಮ ಮೋಕ್ಷ ಪಡೆಯುತ್ತಾನೆ. ಗೆದ್ದವನೂ ಬೆಲೆ ತೆರಬೇಕು ಎಂಬ ಈ ಎದೆಗಾರಿಕೆ ಕಾಮಿಕ್ಸ್ ಲೋಕದಲ್ಲಿ ಅಪರೂಪ. ಬ್ಯಾಟ್‌ಮ್ಯಾನ್ ಯಾರ ದವಡೆ ಮುರಿದರೂ ಅವನ ಲೆಕ್ಕದಲ್ಲಿ ಏನೂ ಬರೆಯಲ್ಪಡುವುದಿಲ್ಲ.

ಮುಗಿಯದ ಕಥೆ, ಮುಗಿದ ಕಥೆ

ಇಟಲಿಯ ಚಿಂತಕ ಉಂಬರ್ಟೊ ಎಕೊ 1962ರಲ್ಲೇ ಸೂಪರ್‌ಮ್ಯಾನನ ಬಗ್ಗೆ ಒಂದು ಪ್ರಬಂಧ ಬರೆದ. ಅವನ ವಾದ ಸರಳ, ಆದರೆ ಬೇರಿಗೆ ಹೋಗುವಂಥದ್ದು. ಪುರಾಣದ ನಾಯಕನ ಕಥೆ ಮುಗಿದುಹೋಗಿರುತ್ತದೆ. ಕೇಳುವವರಿಗೆ ಕೊನೆ ಗೊತ್ತು. ಕಾದಂಬರಿಯ ನಾಯಕನ ಕಥೆಯಲ್ಲಿ ಮುಂದೇನು ಎಂಬ ಕುತೂಹಲವಿರುತ್ತದೆ. ಪ್ರತಿ ಘಟನೆಯೂ ಅವನನ್ನು ಸವೆಸುತ್ತ ಸಾವಿನತ್ತ ಒಯ್ಯುತ್ತದೆ. ಸೂಪರ್‌ಮ್ಯಾನ್ ಇವೆರಡರ ನಡುವೆ ಸಿಕ್ಕಿಬಿದ್ದಿದ್ದಾನೆ. ತಿಂಗಳು ತಿಂಗಳೂ ಹೊಸ ಸಾಹಸ ಬೇಕು, ಆದರೆ ಅವನಿಗೆ ವಯಸ್ಸಾಗಬಾರದು. ವಯಸ್ಸಾದರೆ ಮಾರಾಟ ನಿಲ್ಲುತ್ತದೆ. ಅದಕ್ಕೇ ಒಂದು ಸಾಹಸಕ್ಕೂ ಇನ್ನೊಂದಕ್ಕೂ ಕಾಲದ ಕೊಂಡಿ ಮಸುಕಾಗಿರುತ್ತದೆ. 1992ರ ನವೆಂಬರಿನಲ್ಲಿ ಪ್ರಕಾಶಕರು ಸೂಪರ್‌ಮ್ಯಾನನನ್ನು ಕೊಂದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷ ಅವನು ಎದ್ದು ಬಂದ.

ಇದನ್ನು ನಮ್ಮ ಹಳ್ಳಿಗಳ ಮೊಹರಂ ಪಕ್ಕದಲ್ಲಿಟ್ಟು ನೋಡಿ. ಕಲಬುರಗಿ ಸೀಮೆಯಲ್ಲಿ ಅಲಾಯಿ ಕುಣಿಯ (ಮೊಹರಂ ಬೆಂಕಿಯ ಗುಂಡಿಯ) ಸುತ್ತ ಗುಂಪು ಕಟ್ಟಿಕೊಂಡು ರಿವಾಯತ್ ಪದ ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಹಾಡು ಕನ್ನಡದ್ದು, ಕಥೆ ಕರ್ಬಲಾದ್ದು. ಕ್ರಿ.ಶ. 680ರಲ್ಲಿ ನಡೆದ ಆ ಕಾಳಗದಲ್ಲಿ ಪೈಗಂಬರರ ಮೊಮ್ಮಗ ಹುಸೇನರು ನೀರಿಲ್ಲದೆ ಬಳಲಿ, ಬಂಧುಗಳನ್ನೆಲ್ಲ ಕಳೆದುಕೊಂಡು, ಕೊನೆಗೆ ತಾವೂ ಮಡಿದರು. ಮದುಮಗ ಕಾಸಿಮ ಯುದ್ಧಕ್ಕೆ ಹೊರಡುವ ಪದ ಬಂದಾಗ ಕಣ್ಣೊರೆಸಿಕೊಳ್ಳುವ ಮುದುಕಿಯರನ್ನು ನೋಡಿದ್ದೇನೆ. ಅವನು ಮರಳುವುದಿಲ್ಲವೆಂದು ಅವರಿಗೆ ಬಾಲ್ಯದಿಂದಲೂ ಗೊತ್ತು. ಈ ವರ್ಷವಾದರೂ ನೀರು ಸಿಕ್ಕೀತೆಂದು ಯಾರೂ ಕಾಯುವುದಿಲ್ಲ. ಹುಸೇನರು ಸತ್ತರು, ಆ ಸಾವನ್ನು ಯಾರೂ ಹಿಂತೆಗೆದುಕೊಳ್ಳಲಾರರು. ಅದಕ್ಕೇ ಆ ಕಥೆ ಸಾವಿರದ ಮುನ್ನೂರು ವರ್ಷ ಕಳೆದರೂ, ಇಷ್ಟು ದೂರದ ಕಪ್ಪು ಮಣ್ಣಿನಲ್ಲಿಯೂ, ಅಳಿಸುವ ಶಕ್ತಿ ಉಳಿಸಿಕೊಂಡಿದೆ. ಸಾವನ್ನು ಹಿಂಪಡೆಯುವ ಕಥೆಗೆ ಈ ಶಕ್ತಿ ದಕ್ಕುವುದಿಲ್ಲ.

ಪುರಾಣ ಕೇಳಿದವರ ಮೈಯನ್ನೂ ಕಾಲನ್ನೂ ದುಡಿಸಿಕೊಳ್ಳುತ್ತದೆ. ಬೀದರ್ ಬಳಿಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗೋರಿಯಿದೆ. 1422ರಿಂದ 1436ರವರೆಗೆ ಆಳಿದ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ದೊರೆ ಅವನು. ಬರಗಾಲದಲ್ಲಿ ಅವನು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂಬ ಕಥೆ ಹುಟ್ಟಿ, ಜನ ಅವನನ್ನು ವಲಿ, ಅಂದರೆ ಸಂತ, ಎಂದು ಕರೆದರು. ಲಿಂಗಾಯತ ಭಕ್ತರಿಗೆ ಅದೇ ಗೋರಿಯಲ್ಲಿರುವವನು ಅಲ್ಲಮಪ್ರಭು. ವರ್ಷಕ್ಕೊಮ್ಮೆ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಭಕ್ತರೊಡನೆ ನಡೆದುಕೊಂಡು ಅಷ್ಟೂರಿಗೆ ಬರುತ್ತಾರೆ. ಅವರು ಬಂದ ಮೇಲೆಯೇ ಉರುಸು ಶುರು. ಗೋರಿಯ ಮುಂದೆ ಶಂಖ ಮೊಳಗುತ್ತದೆ. ಮುಖವಾಡದ ಹಿಂದೆ ಇನ್ನೊಂದು ಹೆಸರು ಬಚ್ಚಿಟ್ಟುಕೊಳ್ಳುವುದು ಸೂಪರ್‌ಹೀರೊ ಕಥೆಗಳ ಜೀವಾಳ. ಅಷ್ಟೂರಿನಲ್ಲಿ ಒಬ್ಬನಿಗೇ ಇರುವ ಎರಡು ಹೆಸರುಗಳನ್ನು ಯಾರೂ ಬಚ್ಚಿಡುವುದಿಲ್ಲ. ಎರಡನ್ನೂ ಹಾಡಹಗಲೇ ಕೂಗುತ್ತಾರೆ, ಎರಡಕ್ಕೂ ಕೈಮುಗಿಯುತ್ತಾರೆ, ಅದಕ್ಕಾಗಿ ದಿನಗಟ್ಟಲೆ ನಡೆಯುತ್ತಾರೆ. ಸಿನಿಮಾ ಟಿಕೆಟ್ ಕೊಂಡವನಿಂದ ಸ್ಪೈಡರ್‌ಮ್ಯಾನ್ ಇಂಥದ್ದೇನನ್ನೂ ಕೇಳಿದ್ದಿಲ್ಲ.

ಶಕ್ತಿ ಯಾವುದಕ್ಕೆ?

ಎಕೊ ಎತ್ತಿದ ಇನ್ನೊಂದು ಆಕ್ಷೇಪ ನನಗೆ ಇನ್ನೂ ಮುಖ್ಯ. ಬೆಟ್ಟ ಎತ್ತಬಲ್ಲ, ಗ್ರಹಗಳ ನಡುವೆ ಹಾರಬಲ್ಲ ಈ ಮಹಾಬಲ ಹಸಿವನ್ನು ಅಳಿಸಬಹುದಿತ್ತು, ದಬ್ಬಾಳಿಕೆಗೆ ಸಿಕ್ಕ ಜನರನ್ನು ಬಿಡಿಸಬಹುದಿತ್ತು. ಅವನು ಮಾಡುವುದು ಬ್ಯಾಂಕ್ ದರೋಡೆ ತಡೆಯುವ ಕೆಲಸ, ಸಹಾಯಾರ್ಥ ಪ್ರದರ್ಶನಕ್ಕೆ ನೆರವಾಗುವ ಕೆಲಸ. ಕೆಟ್ಟದ್ದೆಂದರೆ ಆಸ್ತಿಯ ಮೇಲಿನ ದಾಳಿ, ಒಳ್ಳೆಯದೆಂದರೆ ದಾನ. ಆಸ್ತಿ ಹಂಚಿಕೆಯಾದ ರೀತಿಯ ಬಗ್ಗೆ ಮಾತ್ರ ಚಕಾರವಿಲ್ಲ.

ಮೊದಲ ವರ್ಷದ ಸೂಪರ್‌ಮ್ಯಾನ್ ಹಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1939ರ ಜನವರಿಯ ಸಂಚಿಕೆಯಲ್ಲಿ ಅವನು ಕೊಳೆಗೇರಿಯ ಮುರುಕು ಮನೆಗಳನ್ನು ತಾನೇ ಕೆಡವುತ್ತಾನೆ. ಆಗ ಸರ್ಕಾರ ಅಲ್ಲಿ ಒಳ್ಳೆಯ ಮನೆಗಳನ್ನು ಕಟ್ಟಿಸಿಕೊಡಬೇಕಾಗುತ್ತದೆ. ಎಷ್ಟು ಬೇಗ ಈ ಕಿಚ್ಚು ಆರಿತು! ಯುದ್ಧ ಬಂತು, ಪಾತ್ರ ರಾಷ್ಟ್ರದ ಲಾಂಛನವಾಯಿತು, ಮಾರುಕಟ್ಟೆ ಬೆಳೆಯಿತು, ಕೊಳೆಗೇರಿ ಕಣ್ಮರೆಯಾಯಿತು.

ಬಸವಕಲ್ಯಾಣದ ನೆಲದಲ್ಲಿ ನಿಂತು ಯೋಚಿಸುವವರಿಗೆ ಈ ವ್ಯತ್ಯಾಸ ಚುಚ್ಚುತ್ತದೆ. ಹನ್ನೆರಡನೇ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು ಎಂಬುದು ಕಲ್ಯಾಣದ ಕಥೆಯ ಹೃದಯ. ಸಮಗಾರರ ಮನೆಗೂ ಬ್ರಾಹ್ಮಣರ ಮನೆಗೂ ಬೀಗತನ. ಯಾರೂ ಬೆಟ್ಟ ಎತ್ತಲಿಲ್ಲ. ಆ ಇಬ್ಬರು ತಂದೆಯರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಪರಂಪರೆ ಹೇಳುತ್ತದೆ. ಶರಣರು ಚದುರಿದರು, ದೊರೆ ಬಿಜ್ಜಳ ಕೊಲೆಯಾದ. ಲೋಕದ ಕಟ್ಟುಪಾಡನ್ನೇ ಮುಟ್ಟಿದವರ ಕಥೆ ಇದು. ಇದ್ದ ಕಟ್ಟುಪಾಡನ್ನು ಕಾಪಾಡಿದವರ ಕಥೆಯಲ್ಲ.

ಶರಣಬಸವೇಶ್ವರರ (1746-1822) ಕಥೆಯಲ್ಲಿ ಶಕ್ತಿ ಇನ್ನೊಂದು ರೂಪ ತಾಳುತ್ತದೆ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹೊಲ ಕಾಯುತ್ತಿದ್ದ ಅವರು ಹಕ್ಕಿಗಳನ್ನು ಓಡಿಸಲಿಲ್ಲ, ಕರೆದು ಜೋಳದ ತೆನೆ ತಿನ್ನಿಸಿದರು. ಆದರೂ ರಾಶಿ ಕಡಿಮೆಯಾಗಲಿಲ್ಲ ಎನ್ನುತ್ತಾರೆ ಭಕ್ತರು. ಕಾವಲಿಗೆ ಕೂತವನೇ ಬಾಗಿಲು ತೆರೆದಿಟ್ಟದ್ದು ಪವಾಡ. ಹೋಳಿ ಹುಣ್ಣಿಮೆಯಾದ ಐದನೇ ದಿನ ಕಲಬುರಗಿಯಲ್ಲಿ ತೇರು ಎಳೆಯುವಾಗ ಪೀಠಾಧಿಪತಿಗಳು ರಥದ ಮೇಲೆ ನಿಂತು ಪರುಷ ಬಟ್ಟಲನ್ನು ಎತ್ತಿ ತೋರಿಸುತ್ತಾರೆ. ಅಷ್ಟು ದೊಡ್ಡ ಜನಸಾಗರ ಕತ್ತೆತ್ತಿ ನೋಡುವುದು ಒಂದು ಬಟ್ಟಲನ್ನು. ಯಾರನ್ನೂ ಹೊಡೆಯದ, ಎಲ್ಲರಿಗೂ ಅನ್ನ ಹಾಕಿದ ಶಕ್ತಿಯ ಲಾಂಛನ ಅದು. ಸೂಪರ್‌ಮ್ಯಾನನ ಎದೆಯ ಮೇಲಿನ ‘ಎಸ್’ ಅಕ್ಷರಕ್ಕಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ, ಹಾಗೆ ಹೇಳಲು ಸಂಕೋಚವಿಲ್ಲ.

ಕಥೆಯ ಒಡೆತನ

ಸೀಗಲ್ ಮತ್ತು ಶುಸ್ಟರ್ ಸೂಪರ್‌ಮ್ಯಾನನ ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟದ್ದು 130 ಡಾಲರಿಗೆ. ಪಾತ್ರ ಕೋಟ್ಯಂತರ ಗಳಿಸಿತು. ಸೃಷ್ಟಿಸಿದವರು ನ್ಯಾಯಾಲಯದ ಮೆಟ್ಟಿಲು ಹತ್ತಿ ಸೋತು, ಬಡತನದಲ್ಲಿ ಮುದುಕರಾದರು. 1975ರಲ್ಲಿ, ಸಾರ್ವಜನಿಕ ಒತ್ತಾಯದ ಮೇಲೆ, ಅವರಿಗೆ ವಾರ್ಷಿಕ ಪಿಂಚಣಿಯೂ ಕಥೆಯ ಮೇಲೆ ಅವರ ಹೆಸರೂ ಸಿಕ್ಕಿತು. ಬ್ಯಾಟ್‌ಮ್ಯಾನನನ್ನು ರೂಪಿಸುವಲ್ಲಿ ದೊಡ್ಡ ಪಾಲಿದ್ದ ಬಿಲ್ ಫಿಂಗರ್ ಹೆಸರಿಗೆ ಅಧಿಕೃತ ಮನ್ನಣೆ ದೊರೆತದ್ದು 2015ರಲ್ಲಿ. ಅವನು ಸತ್ತು ನಾಲ್ಕು ದಶಕಗಳು ಕಳೆದಿದ್ದವು.

ಹುಮನಾಬಾದಿನ ವೀರಭದ್ರನ ಜಾತ್ರೆಗೆ ಬನ್ನಿ. ಕಾವಿ ತೊಟ್ಟು, ರುದ್ರಾಕ್ಷಿ ಧರಿಸಿ, ಕಾಲಿಗೆ ಗೆಜ್ಜೆ ಕಟ್ಟಿ, ಕತ್ತಿ ಹಿರಿದ ಪುರವಂತ, ವೀರಭದ್ರನ ಕುಣಿತದವನು, ಹೆಜ್ಜೆ ಹಾಕುತ್ತ ದೇವರ ಕಥೆಯ ಒಡಪು ಹೇಳುತ್ತಾನೆ. ದಕ್ಷ ಶಿವನನ್ನು ಅವಮಾನಿಸಿದ್ದು, ದಾಕ್ಷಾಯಿಣಿ ಬೆಂಕಿಗೆ ಬಿದ್ದದ್ದು, ಶಿವ ಜಟೆ ಕಿತ್ತು ನೆಲಕ್ಕೆ ಅಪ್ಪಳಿಸಿದ್ದು, ಅದರಿಂದ ವೀರಭದ್ರ ಎದ್ದದ್ದು. ಒಂದೊಂದು ಖಂಡ ಮುಗಿದಾಗಲೂ ‘ಆಹಾ ರುದ್ರಾ, ಆಹಾ ದೇವಾ’ ಎಂಬ ಕೂಗಿಗೆ ಸಮ್ಮಾಳ ವಾದ್ಯದ ಪೆಟ್ಟು ಏರುತ್ತದೆ, ನಿಂತವರ ಮೈ ನವಿರೇಳುತ್ತದೆ. ಈ ಒಡಪನ್ನು ಅವನು ತನ್ನ ಹಿರಿಯನಿಂದ ಕಲಿತ; ತನ್ನ ಊರಿನ ಹೆಸರು ಸೇರಿಸಿದ, ಎರಡು ಸಾಲು ಹೆಚ್ಚಿಸಿದ. ವೀರಭದ್ರನ ಹಕ್ಕುಸ್ವಾಮ್ಯ ಯಾರ ಬಳಿ ಇದೆ ಎಂದು ಅವನನ್ನು ಕೇಳುವವರಿಲ್ಲ. ಹಾಡುವವನದೇ ಕಥೆ, ಕೇಳುವವರದೂ ಹೌದು.

ಸೂಪರ್‌ಹೀರೊವಿನ ಹೊಸ ರೂಪಗಳಿಗೆ ಅನುಮತಿ ಬೇಕು. 2004ರಲ್ಲಿ ಸ್ಪೈಡರ್‌ಮ್ಯಾನನಿಗೆ ಧೋತಿ ಉಡಿಸಿ, ಪವಿತ್ರ್ ಪ್ರಭಾಕರ್ ಎಂದು ಹೆಸರಿಟ್ಟು, ಮುಂಬೈಯಲ್ಲಿ ನೆಲೆಗೊಳಿಸಿ, ವಿಕಿರಣದ ಜೇಡದ ಬದಲು ಯೋಗಿಯೊಬ್ಬನಿಂದ ಶಕ್ತಿ ಕೊಡಿಸಿದ ಕಾಮಿಕ್ಸ್ ಬಂತು. ಬಹಳ ಒಳ್ಳೆಯ ಪ್ರಯತ್ನ, ಆದರೆ ಒಡೆಯರ ಒಪ್ಪಿಗೆಯಿಂದ ನಡೆದದ್ದು. 1997ರಿಂದ ದೂರದರ್ಶನದಲ್ಲಿ ಬಂದ ಶಕ್ತಿಮಾನ್ ನಮ್ಮ ಯೋಗ, ಪಂಚಭೂತಗಳಿಂದಲೇ ಬಲ ಪಡೆದವನು. ಅವನ ಹಾಗೆ ಕೈಯೆತ್ತಿ ಗರಗರ ತಿರುಗದ ಮಕ್ಕಳು ನಮ್ಮ ಓಣಿಗಳಲ್ಲಿ ಆಗ ಕಡಿಮೆ. ಆ ತಿರುಗಾಟ ನಿಜವಾದ ಪುರಾಣಕ್ಕೆ ಬಹಳ ಹತ್ತಿರ ಬಂದಿತ್ತು ಎಂದು ನನಗೆ ಅನಿಸುತ್ತದೆ. ಮಕ್ಕಳು ಯಾರನ್ನೂ ಕೇಳದೆ ಆ ಕಥೆಯನ್ನು ತಮ್ಮ ಮೈಮೇಲೆ ಹೊತ್ತುಕೊಂಡಿದ್ದರು.

ಅಮೆರಿಕದ ಕಾನೂನಿನ ಪ್ರಕಾರ ಆ ಕಾಲದ ಪ್ರಕಟಣೆಗಳ ಹಕ್ಕು ತೊಂಬತ್ತೈದು ವರ್ಷಗಳಿಗೆ ಮುಗಿಯುತ್ತದೆ. ಅಂದರೆ 2034ರ ಜನವರಿ 1ರಂದು ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ ಅಲ್ಲಿ ಎಲ್ಲರ ಸ್ವತ್ತಾಗುತ್ತದೆ. ಲಾಂಛನದ ಮೇಲಿನ ಕಂಪನಿಯ ಹಿಡಿತ ಬೇರೆ. ಆಮೇಲಿನ ವರ್ಷಗಳಲ್ಲಿ ಸೇರಿದ ವಿವರಗಳಿಗೂ ಇನ್ನಷ್ಟು ಕಾಯಬೇಕು. ಮೊದಲು ಬಿಡುಗಡೆಯಾಗುವವನು ಹಾರಲು ಬಾರದ, ಕ್ರಿಪ್ಟೊನೈಟ್ ಕಂಡರಿಯದ, ಹೆಂಡತಿಯನ್ನು ಹೊಡೆಯುವ ಗಂಡನನ್ನೂ ಶಾಸಕರನ್ನು ಕೊಳ್ಳುವ ದಲ್ಲಾಳಿಯನ್ನೂ ಹುಡುಕಿಕೊಂಡು ಹೋಗುವ 1938ರ ಹುಡುಗ. ಅವನನ್ನು ಯಾರು ಬೇಕಾದರೂ ಬರೆಯಬಹುದು, ಯಾವ ಊರಿಗೆ ಬೇಕಾದರೂ ಕರೆತರಬಹುದು, ಅವನಿಗೆ ಮುಪ್ಪು ಕೊಡಬಹುದು, ಬೇಕೆಂದರೆ ಮರಳಿ ಬಾರದ ಸಾವನ್ನೂ ಕೊಡಬಹುದು. ಅವನನ್ನು ಕೊಳೆಗೇರಿಗೆ ಮತ್ತೆ ಕರೆದೊಯ್ಯುವ ಮೊದಲ ಕಥೆಗಾರ ಸೇಡಂನವನೋ ಸುರಪುರದವನೋ ಆಗಿರಲಿ ಎಂದು ನಾನು ಮನಸಾರೆ ಬಯಸುತ್ತೇನೆ.